ಜಿಮ್ಯಾಟ್ ಅಂಕ ಕಡಿಮೆ, ವಿದೇಶದಲ್ಲಿ ಅಕೌಂಟಿಂಗ್ ಓದುವ ಆಸೆ

ಅಂಕ ನಿಜಕ್ಕೂ ಕಡಿಮೆಯೇ ಅಂತ ಮೊದಲು ನೋಡಿ. ಬಿಸಿನೆಸ್ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಅಂಕ ಈಗ 205ರಿಂದ 805ರವರೆಗೆ ಇದೆ. ಇದರ 645, ಹಳೆಯ ಪರೀಕ್ಷೆಯ 700ಕ್ಕೆ ಹೆಚ್ಚುಕಡಿಮೆ ಸಮ. ವಿಶ್ವವಿದ್ಯಾಲಯಗಳ ಹಳೆಯ ಸರಾಸರಿ ಅಂಕದ ಪಕ್ಕ ಹೊಸ ಅಂಕ ಇಟ್ಟು ಸುಮ್ಮನೆ ಕಂಗಾಲಾಗುವವರಿದ್ದಾರೆ.

ಆಮೇಲೆ ವಿಭಾಗವಾರು ಅಂಕ. ಕ್ವಾಂಟ್ (ಗಣಿತ), ವರ್ಬಲ್ (ಇಂಗ್ಲಿಷ್ ಓದು, ತರ್ಕ), ಡೇಟಾ ಇನ್‌ಸೈಟ್ಸ್ (ಕೋಷ್ಟಕ, ನಕ್ಷೆಗಳ ವಿಶ್ಲೇಷಣೆ) ಮೂರಕ್ಕೂ ತಲಾ 45 ನಿಮಿಷ. ಡೇಟಾ ಇನ್‌ಸೈಟ್ಸ್‌ನಲ್ಲಿ 20 ಪ್ರಶ್ನೆ, ಅಂದರೆ ಒಂದಕ್ಕೆ ಎರಡೂಕಾಲು ನಿಮಿಷ. ಒಂದೇ ಕೋಷ್ಟಕಕ್ಕೆ ಆರು ನಿಮಿಷ ಸುರಿದರೆ ಕೊನೆಯವು ಉಳಿದುಹೋಗುತ್ತವೆ, ಉತ್ತರಿಸದೆ ಬಿಟ್ಟದ್ದಕ್ಕೆ ಅಂಕವೂ ಕಡಿತ. ಎಡವಿದ್ದು ಇಲ್ಲೇ ಆದರೆ ಮತ್ತೆ ಬರೆಯಿರಿ: ನಡುವೆ 16 ದಿನ ಅಂತರ ಬೇಕು, 12 ತಿಂಗಳಲ್ಲಿ ಐದು ಸಲ ಮಾತ್ರ ಅವಕಾಶ. ಗಡುವಿನಿಂದ ಹಿಂದಕ್ಕೆ ಎಣಿಸಿ.

ಸಮಯವಿಲ್ಲವೇ? ಪದವಿಯ ಅಂಕ ಅಥವಾ ಕೆಲಸದ ಅನುಭವ ನೋಡಿ ಪರೀಕ್ಷೆಗೇ ವಿನಾಯಿತಿ ಕೊಡುವ ವಿಶ್ವವಿದ್ಯಾಲಯಗಳಿವೆ. ಅರ್ಜಿ ಹಾಕುವ ಮೊದಲೇ ಕೇಳಿ. ಅಂಕ ಕಳಿಸಿದ ಮೇಲೆ ಕೇಳಿದರೆ ಫಲ ಕಡಿಮೆ.

ಅರ್ಜಿಯಲ್ಲಿ ಕಡಿಮೆ ಅಂಕದ ಬಗ್ಗೆ ವಿವರಿಸಲು ಇರುವ ಹೆಚ್ಚುವರಿ ಪ್ರಬಂಧಕ್ಕೆ ನಾಲ್ಕು ಸಾಲು ಸಾಕು. "ಕ್ವಾಂಟ್ 72. ಆದರೆ ಕಾಸ್ಟ್ ಅಕೌಂಟಿಂಗ್‌ನಲ್ಲಿ 88, ಸಂಖ್ಯಾಶಾಸ್ತ್ರದಲ್ಲಿ 91, ಅಂಕಪಟ್ಟಿ ಲಗತ್ತಿಸಿದೆ." ಹುಷಾರಿರಲಿಲ್ಲ, ನಿದ್ದೆ ಬರಲಿಲ್ಲ ಎಂಬ ಪುರಾಣ ದಯವಿಟ್ಟು ಬೇಡ.