ಆ ಹೆಸರು ಹೇಳಿದ ಭಾನುವಾರ

2024ರ ಫೆಬ್ರುವರಿ 25, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಎರಡನೇ ಭಾನುವಾರ. ಸಿಸ್ಟರ್ ರಾಣಿ ಮರಿಯಾ ಅವರ ಸ್ಮರಣೆಯ ದಿನವೂ ಅದೇ. ಪೂಜೆ ಮುಗಿದ ಮೇಲೆ ಜ್ಞಾನೋಪದೇಶದ ಮಕ್ಕಳಿಗೆ ಅವರ ಕತೆ ಹೇಳಬೇಕು ಅಂತ ಹಿಂದಿನ ರಾತ್ರಿಯೇ ತೀರ್ಮಾನ ಮಾಡಿದ್ದೆ. ಆರನೇ ತರಗತಿ ಮಕ್ಕಳಿಗೆ ಕೊಲೆಯ ಕತೆ ಹೇಳೋದಾ ಅಂತ ಅಳುಕೂ ಇತ್ತು.

ಕೇರಳದ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದ ಹುಡುಗಿ ದೇವಕರೆಗೆ ಓಗೊಟ್ಟು ಕ್ಲಾರಿಸ್ಟ್ ಎಂಬ ಕನ್ಯಾಸ್ತ್ರೀಯರ ಸಭೆಗೆ ಸೇರಿದರು. ಉತ್ತರದ ಹಳ್ಳಿಗಳಲ್ಲೇ ಬಾಳಿದರು. 1992ರಿಂದ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರ. ಅಲ್ಲಿನ ಆದಿವಾಸಿಗಳು ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದರು. ಸಿಸ್ಟರ್ ಅವರನ್ನು ಒಟ್ಟು ಸೇರಿಸಿ, ಬ್ಯಾಂಕಿಗೆ ಕರೆದೊಯ್ದು, ಸರ್ಕಾರದಿಂದ ಬರಬೇಕಾದ್ದನ್ನು ಕೇಳಿ ಪಡೆಯೋದು ಕಲಿಸಿದರು. ಬಡ್ಡಿ ತಿನ್ನುವವರಿಗೆ ಇದಕ್ಕಿಂತ ದೊಡ್ಡ ಅಪರಾಧ ಇರುತ್ತದೆಯೇ?

1995ರ ಇದೇ ದಿನ ಬೆಳಿಗ್ಗೆ ಇಂದೋರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದರು. ಸಮಂದರ್ ಸಿಂಗ್ ಎಂಬ ಯುವಕ ದಾರಿಯಲ್ಲಿ ಬಸ್ ನಿಲ್ಲಿಸಿ, ಇಳಿದು, ತೆಂಗಿನಕಾಯಿ ಒಡೆದ. ಬಂದು ಎಲ್ಲರಿಗೂ ಚೂರು ಹಂಚಿದ. ಸಿಸ್ಟರ್ ಮುಂದೆಯೂ ಒಂದು ಚೂರು ಹಿಡಿದು, ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಚಾಕು ತೆಗೆದ. ಮೈಮೇಲೆ 54 ಗಾಯ. ಸಂಖ್ಯೆಯನ್ನು ಮಕ್ಕಳಿಗೆ ಹೇಳಲಿಲ್ಲ. ಬಸ್ ತುಂಬಾ ಜನ ಇದ್ದರು, ಯಾರೂ ತಡೆಯಲಿಲ್ಲ ಅಂತ ಮಾತ್ರ ಹೇಳಿದೆ. ತೆಂಗಿನಕಾಯಿ ಚೂರಿನ ಮಾತಿಗೆ ಇಡೀ ಹಾಲ್ ಸುಮ್ಮನಾಗಿತ್ತು. ಪ್ರಸಾದ ಕೊಡುವ ಕೈ ಯಾವುದು ಅಂತ ನಮ್ಮೂರಿನ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಕತೆ ನಿಜವಾಗಿ ಶುರುವಾಗೋದು ಆಮೇಲೆಯೇ ಅಂತ ನನಗನ್ನಿಸುತ್ತೆ. ಸಿಸ್ಟರ್ ತಂಗಿ ಸೆಲ್ಮಿ ಪಾಲ್ ಕೂಡ ಅದೇ ಸಭೆಯ ಕನ್ಯಾಸ್ತ್ರೀ. 2002ರಲ್ಲಿ ಜೈಲಿಗೆ ಹೋಗಿ, ಅಕ್ಕನನ್ನು ಕೊಂದವನ ಕೈಗೆ ರಾಖಿ ಕಟ್ಟಿದರು. ಮುಂದೆ ಅವನ ಬಿಡುಗಡೆಗೂ ಕೇಳಿಕೊಂಡರು. 2006ರಲ್ಲಿ ಅವನು ಹೊರಗೆ ಬಂದ. ಪುಲ್ಲುವಳಿಯ ಮನೆಗೂ ಹೋದ. ಮಗಳ ರಕ್ತ ತಾಗಿದ ಆ ಕೈಗಳಿಗೆ ತಾಯಿ ಎಲೀಶ್ವಾ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಎಂದು ಸಾರಿದಾಗ ಆ ಜನರ ನಡುವೆ ಅವನೂ ಇದ್ದ.

ಇಷ್ಟು ಹೇಳಿ ಮುಗಿಸಿದ್ದೆ. ಕಿಟಕಿ ಪಕ್ಕ ಕೂರುವ ಹುಡುಗ ಎದ್ದು ನಿಂತ.

"ಟೀಚರ್, ನಿಮ್ಮಣ್ಣಂಗೆ ಲಾರಿ ಗುದ್ದಿದವ್ರನ್ನ ನೀವು ಕ್ಷಮಿಸಿದೀರಾ?"

ಸಣ್ಣೂರು. ಯಾವ ವಿಷಯವೂ ಮಕ್ಕಳಿಗೆ ಹೊಸದಲ್ಲ. 2019ರಲ್ಲಿ ಅಣ್ಣ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹಾಕಿ ಬೈಕಿನಲ್ಲಿ ವಾಪಸ್ ಬರುತ್ತಿದ್ದ. ಗುದ್ದಿದವನು ನಿಲ್ಲಿಸದೆ ಹೋದ, ಮೂರು ದಿನಕ್ಕೆ ಸಿಕ್ಕಿಬಿದ್ದ. ಜಾಮೀನಿನ ಮೇಲೆ ಬಂದ ಮೇಲೆ ಒಂದು ಸಂಜೆ ತನ್ನ ತಂದೆಯ ಜೊತೆ ನಮ್ಮ ಗೇಟಿನ ಹತ್ತಿರ ನಿಂತಿದ್ದ. ನಾನೇ ಬಾಗಿಲು ಹಾಕಿದೆ. ಅಗುಳಿ ಜಾರಿಸಿದ ಸದ್ದು ಅವರಿಗೂ ಕೇಳಿಸಿರಬೇಕು. ಕೇಳಿಸಲಿ ಅಂತಲೇ ಜಾರಿಸಿದ್ದೆ.

ಹುಡುಗನಿಗೆ "ಮುಂದಿನ ವಾರ ಹೇಳ್ತೀನಿ" ಅಂದೆ. ಗಂಟಲು ಕಟ್ಟಿತ್ತು.

ಸಾಯಂಕಾಲ ಅವ್ವ ಹುಳುಮನೆಯಲ್ಲಿದ್ದಳು. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಸಿದ್ಧವಾಗಿತ್ತು, ಒಂದೊಂದನ್ನೇ ಆಯ್ದು ಗೂಡು ಕಟ್ಟುವ ತಟ್ಟೆಗೆ, ಚಂದ್ರಿಕೆಗೆ, ಬಿಡುತ್ತಿದ್ದಳು. ಹಣ್ಣಾದ ಹುಳವನ್ನು ಬೆಳಕಿಗೆ ಹಿಡಿದರೆ ಮೈ ಒಳಗಿಂದ ಹಳದಿಯಾಗಿ ಹೊಳೆಯುತ್ತೆ. ಅವ್ವನಿಗೆ ಅದೂ ಬೇಡ, ಬೆರಳು ಸೋಕಿದರೆ ಸಾಕು. ನಾನೂ ಪಕ್ಕ ಕೂತು ಆಯತೊಡಗಿದೆ. ಬೆಳಿಗ್ಗೆ ನಡೆದದ್ದು ಹೇಳಿದೆ.

"ನಾನು ದಿನಾ ಅವನ ಹೆಸರಿಡಿದು ಒಂದು ಜಪ ಹೇಳ್ತೀನಿ," ಅಂದಳು.

"ಯಾವಾಗಿಂದ?"

"ನೀನು ಬಾಗ್ಲು ಹಾಕಿದ ದಿನದಿಂದ. ನಿಂಗೆ ಕೇಳಿಸಬಾರ್ದು ಅಂತ ಮೆಲ್ಲಗೆ."

ಐದು ವರ್ಷ ಒಂದೇ ಮನೆಯಲ್ಲಿ, ಒಂದೇ ಪೀಠದ ಮುಂದೆ ಮೊಣಕಾಲೂರಿ ಜಪಸರ ಹೇಳಿದ್ದೇವೆ. ನನಗೆ ಗೊತ್ತೇ ಇರಲಿಲ್ಲ. ನನ್ನ ಬಾಯಲ್ಲಿ ಅವನು ಯಾವತ್ತೂ "ಆ ಲಾರಿಯವನು." ಕೋರ್ಟಿನ ಕಾಗದದಲ್ಲಿ ಹೆಸರು ಬಂದರೆ ಕಣ್ಣು ದಾಟಿಸಿ ಓದುತ್ತಿದ್ದೆ. "ಇದನ್ನೆಲ್ಲ ಹೆಂಗೆ ಮರೆತೆ ಅವ್ವಾ?" ಅಂದರೆ, "ಯಾರು ಮರೆತದ್ದು?" ಅಂತ ನನ್ನ ಮುಖ ನೋಡಿ, ಮತ್ತೆ ಹುಳುವಿನ ಕಡೆ ತಿರುಗಿದಳು.

ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಕ್ಕಳಿಗೆ ಪಾಠ ಹೇಳೋದು ನನ್ನ ಪಾಲಿನ ದೇವಕರೆ ಅಂತ ಹದಿನಾಲ್ಕು ವರ್ಷದಿಂದ ನಂಬಿದ್ದೇನೆ. "ಕ್ಷಮಿಸಿದ್ದೇನೆ" ಅಂತ ಆ ಹುಡುಗನಿಗೆ ಸುಳ್ಳು ಹೇಳಿ ಮತ್ತೆ ಆ ಕುರ್ಚಿಯಲ್ಲಿ ಕೂರೋಕೆ ನನ್ನಿಂದ ಆಗುತ್ತಿರಲಿಲ್ಲ.

ಮಾರ್ಚ್ 3, ಮುಂದಿನ ಭಾನುವಾರ. ಹುಡುಗ ಕೇಳುವ ಮೊದಲೇ ಹೇಳಿದೆ: "ಇನ್ನೂ ಆಗಿಲ್ಲ ಕಣಪ್ಪ. ಆಗಲಿ ಅಂತ ನೀವೆಲ್ಲ ನನಗೋಸ್ಕರ ಪ್ರಾರ್ಥನೆ ಮಾಡಬೇಕು."

ಅವನು ತಲೆಯಾಡಿಸಿದ. ಆಮೇಲೆ, "ಅವ್ರಿಗೂ ಮಾಡೋಣ ಟೀಚರ್. ಅವ್ರ ಹೆಸ್ರೇನು?"

ಯಾರಿಗಾಗಿ ಬೇಡಿದರೂ ಹೆಸರು ಹೇಳಿ ಬೇಡಬೇಕು ಅಂತ ಕಲಿಸಿದವಳು ನಾನೇ. ಮೇಜಿನ ಅಂಚು ಹಿಡಿದುಕೊಂಡು ಹೆಸರು ಹೇಳಿದೆ. ದನಿ ನನ್ನದಲ್ಲವೇನೋ ಅನ್ನುವಷ್ಟು ಸಣ್ಣಗಿತ್ತು. ಹಿಂದಿನ ಬೆಂಚಿನವರಿಗೆ ಕೇಳಿಸಲಿಲ್ಲವಂತೆ, ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಇಪ್ಪತ್ತೆರಡು ಮಕ್ಕಳು ಕೈಮುಗಿದು ಆ ಹೆಸರು ಹೇಳಿದರು, ನಾನೂ ಜೊತೆಗೂಡಿದೆ.