22 ಅಡಿ ದೋಣಿಗೆ ಮೂರು ಗಾಳ: ಮಲ್ಪೆ ಟ್ರೋಲಿಂಗ್ ಕೆಲಸ ಎಲ್ಲಿಯವರೆಗೆ ಬಂತು

ಆಗಸ್ಟ್ ಕೊನೆ

ಮಲ್ಪೆಯಲ್ಲಿ ಟ್ರೋಲಿಂಗ್ ಅಂದರೆ ಟ್ರಾಲ್ ಬೋಟಿನ ಬಲೆ ಅಂತಲೇ ಎಲ್ಲರ ತಲೆಗೆ ಬರುವುದು. ಇದು ಅದಲ್ಲ. ಓಡುವ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗಿ, ಮೇಲ್ನೀರಿನಲ್ಲಿ ಬೇಟೆಯಾಡುವ ಅಂಜಲ್, ಕೇದರ್ (ಟ್ಯೂನಾ), ಸೈಲ್‌ಫಿಶ್‌ಗಳನ್ನು ಒಂದೊಂದಾಗಿ ಹಿಡಿಯುವ ಕೆಲಸ. ದೋಣಿ 22 ಅಡಿಯ ಫೈಬರಿನದು, ಎಂಜಿನ್ 40 ಎಚ್‌ಪಿ ಔಟ್‌ಬೋರ್ಡ್. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧ 10 ಎಚ್‌ಪಿ ಮೀರಿದ ಎಂಜಿನ್ನಿಗೂ ಇರುವುದರಿಂದ ಆ ಎರಡು ತಿಂಗಳನ್ನು ದೋಣಿಯ ಕೆಲಸಕ್ಕೇ ಇಟ್ಟುಕೊಂಡದ್ದು.

ಹೆಚ್ಚು ಹೊತ್ತು ಹಿಡಿದದ್ದು ರಾಡ್ ಹೋಲ್ಡರ್, ಅಂದರೆ ಗಾಳದ ಕೋಲನ್ನು ದೋಣಿಯ ಅಂಚಿಗೆ ನಿಲ್ಲಿಸುವ ಹಿಡಿ. ಲೆಕ್ಕ ಹಾಕಿದರೆ ಯಾಕೆ ಅಂತ ತಿಳಿಯುತ್ತದೆ. ಹೋಲ್ಡರಿನಿಂದ ರಾಡಿನ ತುದಿಗೆ ಒಂದೂವರೆ ಮೀಟರ್. ಮೀನು 8 ಕಿಲೋ ಬಲದಲ್ಲಿ ಅಡ್ಡಕ್ಕೆ ಎಳೆದರೆ, 8 ಸೆಂಟಿಮೀಟರ್ ಅಂತರದ ಬೋಲ್ಟುಗಳ ಮೇಲೆ ಬೀಳುವುದು ಸುಮಾರು 150 ಕಿಲೋ. ಬರೀ ಫೈಬರಿಗೆ ಸ್ಕ್ರೂ ಹೊಡೆದರೆ ಅದು ಸೀಳಿಕೊಂಡು ಬರುತ್ತದೆ. ಅಂಚಿನ ಅಡಿಯಲ್ಲಿ 12 ಮಿಲಿಮೀಟರ್ ಮರೈನ್ ಪ್ಲೈವುಡ್ ತುಂಡು ಇಟ್ಟು, ಎಪಾಕ್ಸಿ ಹಚ್ಚಿ, 316 ದರ್ಜೆಯ ಸ್ಟೀಲ್ ಬೋಲ್ಟುಗಳನ್ನು ಆರಪಾರ ಹಾಕಿದೆವು. 304 ದರ್ಜೆಯದು ಅಗ್ಗ, ಆದರೆ ಉಪ್ಪು ನೀರಿಗೆ ಬೇಗ ಕಂದು ಕಲೆ ಕಟ್ಟುತ್ತದೆ. ಹೋಲ್ಡರ್ ಅಲ್ಯೂಮಿನಿಯಂನದಾದರೆ ಬೋಲ್ಟಿಗೂ ಅದಕ್ಕೂ ನಡುವೆ ನೈಲಾನ್ ವಾಷರ್ ಬೇಕೇ ಬೇಕು. ಇಲ್ಲದಿದ್ದರೆ ಸ್ಟೀಲಿಗೆ ತಾಗಿದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಸೆಪ್ಟೆಂಬರ್ ಎರಡನೇ ವಾರ

ಔಟ್‌ರಿಗರ್‌ಗೆ, ಅಂದರೆ ಗಾಳದ ದಾರವನ್ನು ದೋಣಿಯಿಂದ ಹೊರಕ್ಕೆ ಚಾಚಿ ಹಿಡಿಯುವ ಕೋಲಿಗೆ, ಬಿದಿರು. 4 ಮೀಟರ್ ಉದ್ದ, ನೆರಳಲ್ಲಿ ಒಣಗಿದ್ದು, ಗಂಟುಗಳ ಬಳಿ ನೂಲು ಸುತ್ತಿ ವಾರ್ನಿಷ್ ಹೊಡೆದದ್ದು. ತುದಿಯಲ್ಲೊಂದು ಬಳೆ, ಅದರೊಳಗೆ ಸುತ್ತಿ ಓಡುವ ಹಗ್ಗ. ಕ್ಲಿಪ್ಪಿನ ಬದಲು ರಬ್ಬರ್ ಬ್ಯಾಂಡ್ ಸಾಕು: ದಾರದ ಮೇಲೆ ಐದು ಸುತ್ತು ಸುತ್ತಿ, ಕೊನೆಯ ಕುಣಿಕೆಯನ್ನು ಹಗ್ಗದ ಕೊಕ್ಕೆಗೆ ಸಿಕ್ಕಿಸುವುದು. ಮೀನು ಕಚ್ಚಿದರೆ ಬ್ಯಾಂಡ್ ಹರಿದು ದಾರ ಬಿಡುಗಡೆಯಾಗುತ್ತದೆ. ಬಿಸಿಲಿಗೆ ಬ್ಯಾಂಡ್ ಸಡಿಲವಾಗುವುದರಿಂದ ದಿನಾ ಹೊಸದು.

ಐದು ಗಾಳ ಬಿಟ್ಟು ನೋಡಿದ್ದಾಯಿತು, ಈಗ ಮೂರಕ್ಕೆ ಇಳಿದಿದೆ. ಇಷ್ಟು ಚಿಕ್ಕ ದೋಣಿ ತಿರುಗುವಾಗ ಒಳಬದಿಯ ಗಾಳಗಳು ನಿಧಾನವಾಗಿ ಮುಳುಗುತ್ತವೆ, ಹೊರಬದಿಯವು ಓಡಿ ಬಂದು ಅವುಗಳ ಮೇಲೆ ಬೀಳುತ್ತವೆ. ಸಿಕ್ಕು ಬಿಡಿಸುವಷ್ಟು ಹೊತ್ತು ನೀರಲ್ಲಿ ಒಂದು ಗಾಳವೂ ಇರುವುದಿಲ್ಲ. ಸರಿಯಾಗಿ ಓಡುವ ಮೂರು, ಸಿಕ್ಕಾಗುವ ಐದಕ್ಕಿಂತ ಹೆಚ್ಚು ಮೀನು ತರುತ್ತವೆ. ಈ ಅಳತೆಯ ದೋಣಿಗೆ ಇದನ್ನು ಖಂಡಿತವಾಗಿ ಹೇಳಬಹುದು.

ಈಗಿನ ಜೋಡಣೆ ಹೀಗಿದೆ. ಎಡಕ್ಕೆ, 15 ಮೀಟರ್ ಹಿಂದೆ, ನೀರಿನೊಳಗೆ ಧುಮುಕುವ ಮಿನ್ನೋ, ಅಂದರೆ ಚಿಕ್ಕ ಮೀನಿನ ಆಕಾರದ ನಕಲಿ ಎರೆ. ಇದು ಬಿದಿರಿಲ್ಲದೆ ನೇರ ರಾಡಿನಿಂದ. ಬಲಕ್ಕೆ, ಬಿದಿರಿನಿಂದ 25 ಮೀಟರ್ ಹಿಂದೆ, ಪ್ಲಾಸ್ಟಿಕ್ ಎಳೆಗಳ ಲಂಗದ ಲ್ಯೂರ್ (ನಕಲಿ ಎರೆ). ನಡುವೆ, ಎತ್ತರದಿಂದ, 45 ಮೀಟರ್ ಹಿಂದೆ ಇನ್ನೊಂದು ಚಿಕ್ಕ ಲಂಗದ್ದು. ತಿರುಗುವಾಗ ಚುಕ್ಕಾಣಿ ಒಮ್ಮೆಲೇ ಒತ್ತಬಾರದು, ದೊಡ್ಡ ಸುತ್ತು ಹಾಕಬೇಕು.

ಸೆಪ್ಟೆಂಬರ್ ಕೊನೆ

ವೇಗ. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, ಗಾಳಕ್ಕೆ ಬೇಕಾದದ್ದು ನೀರಿನೊಳಗಿನ ವೇಗ. ಒಂದು ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ.) ಸೆಳೆತವಿದ್ದರೆ ಹೋಗುವಾಗಿನ 6.5ಕ್ಕೂ ಬರುವಾಗಿನ 6.5ಕ್ಕೂ ನೀರಿನಲ್ಲಿ ಎರಡು ನಾಟ್ ವ್ಯತ್ಯಾಸ. ಆದ್ದರಿಂದ 6ರಿಂದ 7 ನಾಟ್‌ಗೆ ತಂದು, ಆಮೇಲೆ ಲ್ಯೂರನ್ನು ನೋಡಿಯೇ ಸರಿಮಾಡುವುದು. ಲಂಗದ ಲ್ಯೂರ್ ಮೇಲೆ ಬಂದು ಗಾಳಿ ಕುಡಿದು ಒಳಗೆ ಹೋಗಬೇಕು, ಹಿಂದೆ ಹೊಗೆಯಂಥ ಗುಳ್ಳೆಸಾಲು ಬಿಡಬೇಕು, ಹತ್ತು ಹದಿನೈದು ಸೆಕೆಂಡಿಗೆ ಮತ್ತೆ ಮೇಲೆ ಬರಬೇಕು. ನೀರು ಬಿಟ್ಟು ಹಾರಿದರೆ ವೇಗ ಹೆಚ್ಚಾಯಿತು, ಇಲ್ಲವೇ ದಾರ ತೀರಾ ಎತ್ತರದಲ್ಲಿದೆ. ಮೇಲೆ ಬರುವುದೇ ಇಲ್ಲವೆಂದರೆ ಎರಡು ಮೀಟರ್ ಹತ್ತಿರಕ್ಕೆ ಎಳೆದು ದೋಣಿ ಎಬ್ಬಿಸುವ ಅಲೆಯ ಮುಂಬದಿಗೆ ತನ್ನಿ. ಮಿನ್ನೋ ಸರಿಯಾಗಿ ಓಡುತ್ತಿದ್ದರೆ ರಾಡಿನ ತುದಿ ಒಂದೇ ಸಮನೆ ನಡುಗುತ್ತದೆ. ನಡುಕ ನಿಂತರೆ ಕಸ ಸಿಕ್ಕಿದೆ ಎಂದರ್ಥ. ಮಳೆಗಾಲ ಮುಗಿದ ಹೊಸದರಲ್ಲಿ ಹೊಳೆಗಳು ತಂದ ಹುಲ್ಲು, ಪ್ಲಾಸ್ಟಿಕ್ ಬೇಕಾದಷ್ಟಿರುತ್ತದೆ. 20 ನಿಮಿಷಕ್ಕೊಮ್ಮೆ ಗಾಳ ನೋಡಿಕೊಳ್ಳಿ.

ಅಕ್ಟೋಬರ್ ಮೊದಲ ವಾರ

ಅಂಜಲ್ ಕಚ್ಚಿದ್ದು ನಾಲ್ಕು, ದೋಣಿಗೆ ಬಂದದ್ದು ಎರಡು. ಹೋದ ಎರಡರಲ್ಲೂ ತಪ್ಪು ತಂತಿಯ ಕಟ್ಟಿನದು. ಅಂಜಲ್‌ನ ಹಲ್ಲು ಕತ್ತರಿಯ ಹಾಗೆ, ನೈಲಾನ್ ಎಷ್ಟು ದಪ್ಪವಿದ್ದರೂ ಕಡಿಯುತ್ತದೆ, ಹಾಗಾಗಿ ಕೊನೆಯ 40 ಸೆಂಟಿಮೀಟರ್ ಒಂಟಿ ಎಳೆಯ ಸ್ಟೀಲ್ ತಂತಿ. ಅದನ್ನು ಗಂಟು ಹಾಕಲಾಗದು, ಹೊಸೆಯಬೇಕು. ತಂತಿಯನ್ನು ಗಾಳದ ಕಣ್ಣಿಗೆ ತೂರಿಸಿ, ಎರಡೂ ಎಳೆಗಳನ್ನು ಅಗಲವಾಗಿ ಬಿಡಿಸಿ ಹಿಡಿದು, ಒಟ್ಟಿಗೆ ಹೊಸೆಯಬೇಕು. ಎರಡೂ ಒಂದರ ಮೇಲೊಂದು ಏರಬೇಕು. ಒಂದು ನೇರವಾಗಿ ಉಳಿದು ಇನ್ನೊಂದು ಅದರ ಸುತ್ತ ಸುತ್ತಿಕೊಂಡರೆ ಎಳೆದಾಗ ಜಾರುತ್ತದೆ. ಇಲ್ಲಿ ಆದದ್ದು ಇದೇ. ಇಂಥ ಹೊಸೆತ ಐದಾರು ಆದ ಮೇಲೆ, ಚಿಕ್ಕ ಎಳೆಯನ್ನು ಅಡ್ಡಕ್ಕೆ ತಿರುಗಿಸಿ ಒತ್ತೊತ್ತಾಗಿ ಆರು ಸುತ್ತು. ಉಳಿದ ತುದಿಯನ್ನು ಇಕ್ಕಳದಲ್ಲಿ ಕತ್ತರಿಸಬೇಡಿ, ಚೂಪು ಮೊನೆ ಉಳಿದು ಕೈ ಸೀಳುತ್ತದೆ. ಹಿಡಿಕೆಯಂತೆ ಬಗ್ಗಿಸಿ ಹಿಂದೆ ಮುಂದೆ ಆಡಿಸಿದರೆ ಬುಡದಲ್ಲೇ ತಾನಾಗಿ ಮುರಿಯುತ್ತದೆ. ತಂತಿಗೂ 4 ಮೀಟರ್ ಉದ್ದದ ದಪ್ಪ ನೈಲಾನ್ ಲೀಡರ್‌ಗೂ (ಮುಖ್ಯ ದಾರದ ತುದಿಗೆ ಕಟ್ಟುವ ದಾರ) ನಡುವೆ ಬಾಲ್ ಬೇರಿಂಗ್ ಸ್ವಿವೆಲ್, ಅಂದರೆ ದಾರ ತಿರುಚಿಕೊಳ್ಳದಂತೆ ಸುತ್ತುವ ಕೊಂಡಿ. ತಂತಿ ಒಮ್ಮೆ ಮಡಚಿಕೊಂಡರೆ ನೇರ ಮಾಡಿ ಬಳಸಬೇಡಿ, ಎಸೆಯಿರಿ.

ಡ್ರ್ಯಾಗ್, ಅಂದರೆ ರೀಲಿನಿಂದ ದಾರ ಹೊರಡಲು ಬೇಕಾದ ಎಳೆತವನ್ನು, ಕೈಯಂದಾಜಿನಲ್ಲಿ ಇಡುವುದನ್ನೂ ನಿಲ್ಲಿಸಲಾಗಿದೆ. 24 ಕಿಲೋ ಎಳೆತ ತಾಳುವ ದಾರಕ್ಕೆ ಮೂರನೇ ಒಂದರಷ್ಟು ಮಿತಿ, ನಾವು ಇಟ್ಟದ್ದು 7 ಕಿಲೋ. ರಾಡನ್ನು ಹೋಲ್ಡರಿನಲ್ಲೇ ಇಟ್ಟು, ದಾರಕ್ಕೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಹಿಂದಕ್ಕೆ ಎಳೆದು ಅಳೆಯುವುದು. ದಾರ ಹೊರಟಂತೆ ರೀಲಿನ ಸ್ಪೂಲಿನಲ್ಲಿ ಉಳಿದ ದಾರದ ಸುತ್ತಿನ ವ್ಯಾಸ ಇಳಿಯುತ್ತದೆ. ಅರ್ಧಕ್ಕೆ ಇಳಿದರೆ ಲಿವರ್ ಮುಟ್ಟದಿದ್ದರೂ 7 ಕಿಲೋ 14 ಆಗುತ್ತದೆ, ಜೊತೆಗೆ ನೀರಿನಲ್ಲಿ ಬಾಗಿದ ದಾರದ ಎಳೆತ ಬೇರೆ. ಮೀನು ದೂರ ಓಡಿದಷ್ಟೂ ಸಡಿಲಿಸಬೇಕು. ಭಯದಲ್ಲಿ ಎಲ್ಲರೂ ಬಿಗಿ ಮಾಡುತ್ತಾರೆ, ದಾರ ಹರಿಯುವುದು ಅಲ್ಲೇ.

ಅಕ್ಟೋಬರ್ ಮೂರನೇ ವಾರ

ಎಲ್ಲಿ ಎಳೆಯುವುದು? ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಸಮುದ್ರದ ಮೇಲ್ಮೈ ಉಷ್ಣತೆ ಮತ್ತು ಕ್ಲೋರೊಫಿಲ್ ಅನ್ನು ಉಪಗ್ರಹದಿಂದ ನೋಡಿ ಕೊಡುವ ಮೀನು ಸಿಗುವ ವಲಯದ ಸೂಚನೆ ಕನ್ನಡದಲ್ಲೂ ಬರುತ್ತದೆ. ಮೋಡವಿದ್ದ ದಿನ ಅದನ್ನೇ ನೆಚ್ಚಿ ಕೂರಲಾಗದು. ಕಣ್ಣಿಗೆ ಕಾಣುವ ಗುರುತು ಕೆಸರು ನೀರಿಗೂ ನೀಲಿ ನೀರಿಗೂ ನಡುವಿನ ಬಣ್ಣದ ಗೆರೆ. ಅದನ್ನು ಅಡ್ಡ ದಾಟುವುದಲ್ಲ, ನೀಲಿ ಬದಿಯಲ್ಲಿ ಅದರ ಉದ್ದಕ್ಕೇ ಓಡಿಸಬೇಕು. ಕೇದರ್ ಗುಂಪಿನ ಮೇಲೆ ಹಕ್ಕಿ ಬೀಳುತ್ತಿದ್ದರೆ ನಡುವೆ ನುಗ್ಗಬೇಡಿ, ಗುಂಪು ಮುಳುಗುತ್ತದೆ, ಅಂಚಿನಲ್ಲಿ ಸುತ್ತಿ. ನಸುಕಿನಲ್ಲಿ ತೇಲುವ ಬೀಡುಬಲೆಗಳ ಬಾವುಟ ನೋಡಿಕೊಂಡೇ ಹೋಗಬೇಕು. ಬಲೆ ಇನ್ನೊಬ್ಬರ ಹೊಟ್ಟೆಪಾಡು.

ಮೀನು ಕಚ್ಚಿದ ಕೂಡಲೇ ಎಂಜಿನ್ ನಿಲ್ಲಿಸಬಾರದು. ದಾರ ಸಡಿಲಾಗಿ ಗಾಳ ಉದುರುತ್ತದೆ. ಕೆಲವು ಸೆಕೆಂಡು ಅದೇ ವೇಗದಲ್ಲಿ ಓಡಿಸಿ, ಉಳಿದೆರಡು ಗಾಳ ಎಳೆದುಕೊಂಡು, ಆಮೇಲೆ ನಿಧಾನ. ಹಿಂದಕ್ಕೆ ಓಡಿಸಿ ಮೀನಿನ ಬೆನ್ನು ಹತ್ತುವುದು ದೊಡ್ಡ ಬೋಟಿನವರ ಕೆಲಸ. ನಮ್ಮಂಥ ದೋಣಿಗೆ ಎಂಜಿನ್ ಬದಿಯಿಂದ ನೀರು ತುಂಬುತ್ತದೆ. ಲೀಡರನ್ನು ಕೈಗೆ ಬಿಗಿದು ಸುತ್ತಿಕೊಳ್ಳಲೇಬಾರದು.

ಕೇದರ್ ಹತ್ತಿಸಿದ ಕೂಡಲೇ ಪಕ್ಕದ ರೆಕ್ಕೆಯ ಹಿಂದೆ ಕೊಯ್ದು ರಕ್ತ ಬಿಟ್ಟು, ಎರಡು ಪಾಲು ಐಸಿಗೆ ಒಂದು ಪಾಲು ಸಮುದ್ರದ ನೀರಿನ ಗಂಜಿಯಲ್ಲಿ ಮುಳುಗಿಸಬೇಕು. ಬಿಸಿಯಾಗಿ ಉಳಿದರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಿಷದ ವಸ್ತು ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ನವೆಂಬರ್ ಮೊದಲ ವಾರ

ಪೆಟ್ರೋಲ್ ಅಳತೆ ಮುಗಿಯಿತು. ಟ್ರೋಲಿಂಗ್‌ನಲ್ಲಿ ಗಂಟೆಗೆ 7 ಲೀಟರ್, 14 ನಾಟ್ ಓಟದಲ್ಲಿ 13. 18 ನಾಟಿಕಲ್ ಮೈಲು ಹೋಗಿ ಬರಲು 34, ಐದು ಗಂಟೆ ಎಳೆಯಲು 35, ಒಟ್ಟು 69. ಹಾಗಾಗಿ 100 ಲೀಟರ್ ಇಲ್ಲದೆ ಅಳಿವೆ ದಾಟುವುದಿಲ್ಲ. ಬೆಳಿಗ್ಗೆ ಮೂಡುಗಾಳಿ, ಮಧ್ಯಾಹ್ನದ ಮೇಲೆ ಬಡಗುಪಡುವಣದ ಗಾಳಿ ಏಳುವುದರಿಂದ 12ಕ್ಕೆ ಗಾಳ ಎತ್ತುವುದು. ವಿಎಚ್‌ಎಫ್ ರೇಡಿಯೋ ಚಾನೆಲ್ 16ರಲ್ಲಿ ಇದೆ, ಕೋಸ್ಟ್ ಗಾರ್ಡ್ ತುರ್ತು ಸಂಖ್ಯೆ 1554 ಚುಕ್ಕಾಣಿಯ ಬಳಿ ಬರೆದಿದೆ. ಎಂಜಿನ್ ನಿಲ್ಲಿಸುವ ದಾರ ಓಡಿಸುವವನ ಮೈಗೆ ಕಟ್ಟಿಯೇ ಇರಬೇಕು.

ಬಾಕಿ: ಬಲಬದಿಯ ಬಿದಿರಿನ ಮೂರನೇ ಗಂಟಿನಲ್ಲಿ ಕೂದಲೆಳೆಯ ಬಿರುಕು ಕಂಡಿದೆ, ಬದಲಿಸಬೇಕು. ಮಿನ್ನೋದ ಮೂರು ಮೊನೆಯ ಗಾಳ ತೆಗೆದು ಒಂಟಿ ಗಾಳ ಹಾಕಿ ನೋಡಬೇಕು.