ಕೂವೆಯನ್ನು ಎಷ್ಟು ಒರಗಿಸಲಿ

ಆಗಸ್ಟ್ 2, ಶನಿವಾರ, ರಾತ್ರಿ
ಕುಶಾಲನಗರ

ನಾಳೆ ಹಾರಂಗಿ ಹಿನ್ನೀರಿನಲ್ಲಿ ನಮ್ಮ ಐದು ದೋಣಿಗಳ ಸ್ಪರ್ಧೆ. ನಾಳೆಯೇ ಕಕ್ಕಡ ಹದಿನೆಂಟು, ಕೊಡಗಿನವರು ಮದ್ದು ಸೊಪ್ಪಿನ ಪಾಯಸ ಉಣ್ಣುವ ದಿನ. ಮನೆಯವಳು ಮದ್ದು ಸೊಪ್ಪು ತಂದು ನೀರಿನಲ್ಲಿಟ್ಟಿದ್ದಾಳೆ. ಪಾಯಸ ಮುಗಿಸದೆ ನಾನೂ ಮಗಳೂ ಮನೆಯಿಂದ ಹೊರಡುವಂತಿಲ್ಲ ಎಂದು ಆಗಲೇ ಹೇಳಿಯಾಗಿದೆ.

ನೀರು ಜಲಾಶಯದ ತುಂಬು ಮಟ್ಟವಾದ 2859 ಅಡಿಯ ಹತ್ತಿರಕ್ಕೆ ಬಂದಿದೆ. ಗಾಳಿ ಗುಡ್ಡಗಳ ಸಂದಿನಿಂದ ಒಂದೇ ಸಮನೆ ಬರುವುದಿಲ್ಲ. ನಿಂತು, ಉಸಿರು ಹಿಡಿದು, ಫಕ್ಕನೆ ನುಗ್ಗುತ್ತದೆ. ನೀರು ಕಪ್ಪಾಗುತ್ತಾ ಓಡಿ ಬರುವುದನ್ನು ನೋಡಿ ತಿಳಿದುಕೊಳ್ಳಬೇಕು.

ನಮ್ಮದು ಹೋಬಿ 16 ಎಂಬ ಹಾಯಿದೋಣಿ. ಐದು ಮೀಟರಿನ ಎರಡು ಒಡಲು, ನಡುವೆ ಬಲೆ. ಇಂಥ ಜೋಡಿ ಒಡಲಿನ ದೋಣಿಗೆ ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದು ಎಂದು ನೆನೆದಾಗಲೆಲ್ಲ, ಈ ದೋಣಿ ದೂರದ ನಂಟರ ಮನೆಯಿಂದ ಬಂದದ್ದೆನಿಸಿ ನನಗೆ ಹಿತವಾಗುತ್ತದೆ.

ತಪ್ಪು ನನ್ನದೇ. ಮಂದಗಾಳಿಗೆಂದು ಬೇಸಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದ ಕೂವೆಯನ್ನು, ಹಾಯಿ ಹೊರುವ ಕಂಬವನ್ನು, ಹಾಗೆಯೇ ಬಿಟ್ಟು ಇಂದು ದೋಣಿಯನ್ನು ಅಭ್ಯಾಸಕ್ಕೆ ನೀರಿಗಿಳಿಸಿದೆ. ಗಾಳಿಯನ್ನು ಪಕ್ಕಕ್ಕೆ ತೆಗೆದುಕೊಂಡು ಓಡುವಾಗ ಗಾಳಿ ಬೀಸಿ ಹೋಗುವ ಕಡೆಯ ಒಡಲಿನ ಮೂತಿ ನೀರಿನೊಳಗೆ ಹೊಕ್ಕಿತು. ದೋಣಿ ಗಕ್ಕನೆ ನಿಂತಿತು, ಹಿಂಭಾಗ ಮೇಲೆದ್ದಿತು. ಮಗಳು ಆಗ ಕೂವೆಯ ತಂತಿಗೆ ಸೊಂಟದ ಕೊಕ್ಕೆ ಸಿಕ್ಕಿಸಿ, ಅಂಚಿನಲ್ಲಿ ಕಾಲೂರಿ ನೀರಿನ ಮೇಲೆ ಚಾಚಿಕೊಂಡಿದ್ದಳು. ದೋಣಿ ನಿಂತರೂ ಅವಳು ನಿಲ್ಲಲಿಲ್ಲ. ಕೂವೆಯನ್ನು ಮುಂದಿನಿಂದ ಹಿಡಿದ ತಂತಿಯನ್ನು ಸುತ್ತಿಕೊಂಡು ನೀರಿಗೆ ಬಿದ್ದಳು.

ಮಗುಚಿದ ದೋಣಿಯನ್ನು ಎತ್ತಲು ಹೊತ್ತು ಹಿಡಿಯಿತು. ನಮ್ಮಿಬ್ಬರ ತೂಕ ಸೇರಿ 112 ಕಿಲೋ. ಈ ವರ್ಗದ ನಿಯಮ ಕೇಳುವುದು 129ಕ್ಕೂ ಮಿಗಿಲು. ಹಗ್ಗ ಹಿಡಿದು ಒಡಲಿನ ಮೇಲೆ ನಿಂತು ಎಷ್ಟು ಹಿಂದಕ್ಕೆ ವಾಲಿದರೂ ಹಾಯಿ ನೀರನ್ನು ಬಿಡಲೊಲ್ಲದು. ಕೊನೆಗೆ ದೋಣಿ ತಾನಾಗಿ ತಿರುಗಿ, ಗಾಳಿ ಹಾಯಿಯ ಅಡಿಗೆ ಹೊಕ್ಕಿತು.

ಅದಕ್ಕೂ ಮೊದಲು, ಮಗುಚಿದ ದೋಣಿಯ ಮೇಲೆ ಇಬ್ಬರೂ ಕುಳಿತಿದ್ದಾಗ ಅವಳು ಹೇಳಿದಳು:

"ಬಿದ್ದದ್ದಕ್ಕೆ ನನಗೆ ಹೆದರಿಕೆಯಾಗಲಿಲ್ಲ ಅಪ್ಪ. ಅದಕ್ಕಿಂತ ಮೊದಲು ನೀವು ಮಾತು ನಿಲ್ಲಿಸಿದಿರಲ್ಲ, ಆಗ ಆಯಿತು."

"ನಾನು ಗಾಳಿ ನೋಡುತ್ತಿದ್ದೆ."

"ಗೊತ್ತು. ನೋಡಿದ್ದನ್ನು ಹೇಳಬೇಕಿತ್ತು. ನನಗೆ ಅಲ್ಲಿಂದ ನಿಮ್ಮ ಮುಖ ಕಾಣುವುದಿಲ್ಲ."

ಉತ್ತರ ಕೊಡಲಿಲ್ಲ. ಅಂದರೆ ಮತ್ತೆ ಅದನ್ನೇ ಮಾಡಿದೆ. ಅವಳ ಅಜ್ಜನೂ ಹೀಗೆಯೇ ಇದ್ದರು. ತೋಟದಲ್ಲಿ ಆನೆಯ ಹೆಜ್ಜೆ ಕಂಡರೆ ಸುಮ್ಮನಾಗಿಬಿಡುತ್ತಿದ್ದರು. ಹಿಂದೆ ನಡೆಯುತ್ತಿದ್ದ ನನಗೆ ಆನೆಗಿಂತ ಆ ಮೌನವೇ ಭಯವಾಗುತ್ತಿತ್ತು. ಇಷ್ಟು ವರ್ಷ ಇದು ನೆನಪಿಗೇ ಬಂದಿರಲಿಲ್ಲ.

ಮಧ್ಯಾಹ್ನ ದಡದಲ್ಲಿ ಮುಂದಿನ ತಂತಿಯನ್ನು ಉದ್ದ ಮಾಡಿ, ಪಕ್ಕದ ತಂತಿಗಳನ್ನು ಎರಡು ತೂತು ಕೆಳಗಿಳಿಸಿದೆವು. ಕೂವೆ ಹಿಂದಕ್ಕೆ ಒರಗಿತು. ಹಾಯಿಯ ಒತ್ತಡವೂ ಹಿಂದೆ ಸರಿದು ಮೂತಿಗಳು ಹಗುರಾದವು. ಕೆಳಗೆಳೆಯುವ ಹಗ್ಗವನ್ನು ಬಿಗಿದು ಹಾಯಿಯನ್ನು ಚಪ್ಪಟೆ ಮಾಡಿದೆವು. ಅವಳ ಸೊಂಟಕ್ಕೆ ಹಿಂದಿನಿಂದ ಹಿಡಿಯುವಂತೆ ಒಂದು ಹಗ್ಗವನ್ನೂ ಕಟ್ಟಿದೆ. ಎರಡನೆಯ ಓಟದಲ್ಲಿ ಮೂತಿ ಒಮ್ಮೆಯೂ ಮುಳುಗಲಿಲ್ಲ. ಎಷ್ಟು ಚಂದ ಓಡಿತು! ಒಂದು ಒಡಲು ಗಾಳಿಯಲ್ಲಿ, ಒಂದು ನೀರಿನಲ್ಲಿ. "ಬರುತ್ತಿದೆ, ದೊಡ್ಡದು, ಈಗ" ಎಂದು ನಾನು ಕೂಗುತ್ತಲೇ ಇದ್ದೆ. ಗಂಟಲು ಕಟ್ಟಿದೆ.

ಆದರೆ ಚುಕ್ಕಾಣಿ ಭಾರವಾಗಿದೆ. ಕೂವೆ ಒರಗಿದಷ್ಟೂ ದೋಣಿ ಗಾಳಿಯತ್ತ ಮುಖ ತಿರುಗಿಸಲು ಹಟ ಮಾಡುತ್ತದೆ, ತೋಳು ಸೋಲುತ್ತದೆ. ಚುಕ್ಕಾಣಿಯ ಹಲಗೆಗಳನ್ನು ಇನ್ನಷ್ಟು ಮುಂದಕ್ಕೆ ಓರೆ ಮಾಡಿದರೆ ಸ್ವಲ್ಪ ಇಳಿಯಬಹುದು.

ಮಳೆ ಮತ್ತೆ ಜೋರಾಯಿತು. ಅಡುಗೆಮನೆಯಲ್ಲಿ ಸೊಪ್ಪಿನ ನೀರು ನೇರಳೆಗೆ ತಿರುಗಿದೆ. ಮಗಳು ಮಲಗಿದ್ದಾಳೆ, ಅಂಗೈಯಲ್ಲಿ ಹಗ್ಗದ ಗೀರು.

ತಂತಿಯಲ್ಲಿ ಭಾರದವನು ತೂಗಬೇಕು, ಅದು ಲೆಕ್ಕ. ನಾನು ಅಲ್ಲಿಗೆ ಹೋಗಿ ಚುಕ್ಕಾಣಿಯನ್ನು ಅವಳಿಗೇ ಕೊಟ್ಟರೆ, ಗಾಳಿಯನ್ನು ನೋಡಿ ಹೇಳಬೇಕಾದವಳು ಅವಳಾಗುತ್ತಾಳೆ. ಅವಳ ಮಣಿಕಟ್ಟು ತಡೆಯುವುದಾದರೆ, ಒಂದು ತೂತು ಮೇಲಕ್ಕೆ